ಕಾಲುವೆ ಆಚೆಯ ಖಾಲಿ ಜಾಗ

ಆ ಜಾಗದಲ್ಲಿ ಪಾಯ ಅಗೆದಾಗ ಹಂಪಿಯ ಅರಸರ ಕಾಲದ ಕೆತ್ತನೆಯ ಕಂಬವೊಂದು ಎದ್ದು, ಅದರ ಹಿಂದೆಯೇ ಸರ್ಕಾರದವರೂ ಬರಬಹುದಿತ್ತು. ಕಾಲುವೆ ನೀರು ಬಸಿದು ಅಡುಗೆಮನೆಯಲ್ಲೇ ಭತ್ತ ನಾಟಿ ಮಾಡುವಂತಾಗಬಹುದಿತ್ತು. ಬಾವಿಯಲ್ಲಿ ಸವುಳು ನೀರು, ಮೂಲೆಯ ಹುತ್ತದಲ್ಲಿ ನಾಗರಹಾವು ಇರಬಹುದಿತ್ತು. ಮಾರುವವರ ದಾಯಾದಿಯೊಬ್ಬ ಕಂಪ್ಲಿಯಿಂದ ಗಾಡಿ ಕಟ್ಟಿಕೊಂಡು ಬಂದು "ಇದರಾಗ ನಂದೂ ಪಾಲೈತಿ" ಎನ್ನಬಹುದಿತ್ತು. ಸಂಡೂರಿನಲ್ಲೊಬ್ಬ ಇದ್ದನೆಂದರಂತೂ ಮುಗಿಯಿತು. ಅದು ಬೇರೆ ಸಂಸ್ಥಾನ, ನಮ್ಮ ಮದರಾಸು ಸರ್ಕಾರದ ಕೋರ್ಟು ಕಾಗದ ಹಿಡಿದು ಆ ಗುಡ್ಡ ಹತ್ತುವವರು ಯಾರು?

ನಾನು ಹೊಸಪೇಟೆಯ ಅಕ್ಕಿ ಗಿರಣಿಯೊಂದರ ಗುಮಾಸ್ತ. ಅಕ್ಕಿಯಲ್ಲಿ ಕಲ್ಲು ಹುಡುಕಿ ಹುಡುಕಿ, ಕಲ್ಲು ಸಿಗದಿದ್ದರೆ ಗಾಬರಿಯಾಗುವ ಸ್ವಭಾವ. ಬಾಡಿಗೆ ಮನೆಯ ಯಜಮಾನರು ಅಲ್ಲಿ ಗೋದಾಮು ಮಾಡಬೇಕು, ಬೇಗ ಖಾಲಿ ಮಾಡಿ ಎಂದಿದ್ದರು. ಕಾಲುವೆ ಆಚೆ ಬಸಪ್ಪನವರ ಖಾಲಿ ಜಾಗವೊಂದಿತ್ತು. ಅವರಿಗೆ ಅದು ಬೇಡವಾಗಿತ್ತು. "ಅಲ್ಲೇನೈತ್ರಿ, ಕತ್ತೆ ಸುದ್ದಾ ನಿಲ್ಲಂಗಿಲ್ಲ. ಇವತ್ತ ತಗೋರಿ" ಎಂದರು. ಇಷ್ಟು ಸುಲಭವಾಗಿ ಕೊಡುತ್ತಾರೆಂದರೆ ಏನೋ ಇದೆ ಎಂದು ನನಗೆ ಆಗಲೇ ಅನಿಸಿತು.

ಕಂಪ್ಲಿಗೆ ಹೋದೆ, ದಾಯಾದಿ ಇರಲಿಲ್ಲ. ಸಂಡೂರಿಗೆ ಹೋದೆ, ಬಸಪ್ಪನವರ ಹೆಸರು ಕೇಳಿದವರೇ ಇರಲಿಲ್ಲ, ಸೊಂಟ ಹಿಡಿದದ್ದೊಂದೇ ಲಾಭ. ಪಕ್ಕದ ಬಾವಿಯ ನೀರು ಸಿಹಿ. ಹುತ್ತ ಬರೀ ಗೆದ್ದಲಿನದು. ನಾಲ್ಕು ಕಡೆ ಗುಂಡಿ ತೋಡಿಸಿದೆ, ಕಂಬವೂ ಏಳಲಿಲ್ಲ, ಕಾಲುವೆ ನೀರೂ ಬಸಿಯಲಿಲ್ಲ. ಒಂದೊಂದು ಭಯ ಕಳೆದಾಗಲೂ ಆ ಸಮಾಧಾನವನ್ನು ಕೇಳುವವರು ಬೇರೆ ಯಾರೂ ಸಿಗದೆ ಬಸಪ್ಪನವರ ಕಟ್ಟೆಗೇ ಹೋಗಿ ಹೇಳುತ್ತಿದ್ದೆ. ಮೊದಮೊದಲು "ಹೌದೇನ್ರಿ!" ಎಂದು ನಗುತ್ತಿದ್ದವರು ಬರಬರುತ್ತಾ ನಗುವುದನ್ನು ಬಿಟ್ಟು ಮೀಸೆ ಸವರಿಕೊಳ್ಳತೊಡಗಿದರು.

"ನೀವು ಜಾಗ ನೋಡಾಕ ಹೊಂಟೀರೋ, ಹೆಣ್ಣು ನೋಡಾಕ ಹೊಂಟೀರೋ?" ಎಂದಳು ಹೆಂಡತಿ. "ನನ್ನ ನೋಡಾಕ ಬಂದಾಗ ಒಂದು ತಾಟು ಉಪ್ಪಿಟ್ಟು ತಿಂದು ಹ್ಞೂಂ ಅಂದಿದ್ರಿ."

ಆಗ ತಿಳಿವಳಿಕೆ ಇರಲಿಲ್ಲ ಎಂಬ ಉತ್ತರ ಬಾಯಿಗೆ ಬಂತು. ಊಟ ಇನ್ನೂ ಆಗಿರಲಿಲ್ಲವಾದ್ದರಿಂದ ನುಂಗಿಕೊಂಡೆ.

ಉಳಿದದ್ದು ಒಂದೇ ಪರೀಕ್ಷೆ. ಮನೆ ಕಟ್ಟುವ ನೆಲದಲ್ಲಿ ನವಧಾನ್ಯ ಚೆಲ್ಲಿ ನೋಡುವುದು ಹಿರಿಯರ ಪದ್ಧತಿ; ಬೇಗ ಮೊಳೆತರೆ ಅದು ವಂಶ ಬೆಳೆಯುವ ನೆಲ. ಹಿಡಿದ ಸೊಂಟದಲ್ಲೇ ಕಾಲುವೆಯಿಂದ ನೀರು ಹೊತ್ತು ಹಾಕಿದೆ. ಹೆಸರು, ಹುರುಳಿ, ಅಲಸಂದಿ ಎಲ್ಲವೂ ಯಾರೋ ಕರೆದಂತೆ ಎದ್ದು ನಿಂತವು. ಬಸಪ್ಪನವರನ್ನು ನಾನೇ ಕೈಹಿಡಿದು ಕರೆತಂದು ತೋರಿಸಿದೆ.

ಅವರು ಕುಕ್ಕರುಗಾಲಲ್ಲಿ ಕೂತು ಸಸಿಗಳನ್ನು ಸವರಿದರು. "ಗುಮಾಸ್ತರ, ಭಾಳ ಉಪಕಾರ ಆತ್ರಿ. ನಮ್ಮಪ್ಪನ ಕಾಲದಿಂದ ಬೀಳು ಬಿಟ್ಟಿದ್ವಿ. ಇಂಥಾ ನೆಲ ಯಾರರ ಮಾರ್ತಾರೇನ್ರಿ? ಮಗಗ ಇಲ್ಲೇ ಮನಿ ಕಟ್ಟಿಸ್ತೀನಿ. ಪಾಯ ಹಾಕೋದಿನ ನೀವ ಬಂದು ನಿಂದರಬೇಕು. ನಿಮ್ಮಷ್ಟು ಈ ಜಾಗ ಬಲ್ಲೋರು ಯಾರದಾರ?"

ಆಗಲಿ ಎಂದು ತಲೆಯಾಡಿಸಿ ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ಇದ್ದಳು. "ಏನಾತ್ರಿ?"

"ಜಾಗದಾಗ ಒಂದು ದೋಷನೂ ಇಲ್ಲ" ಎಂದೆ.

ಅವಳ ಮುಖ ಅರಳಿತು. ಅದು ಪೂರ್ತಿ ಅರಳಲಿ ಎಂದು ನಾನು ಚಪ್ಪಲಿ ಬಿಡುವುದರಲ್ಲೇ ಬಹಳ ಹೊತ್ತು ಕಳೆದೆ.