ಸೊಸೆಯೊಡನೆ ತಪ್ಪು ಇಂಗ್ಲಿಷ್ ಮಾತಾಡಲು ಅನುಮತಿ

ಇಂದ:
ಬೀದಿ ತುದಿಯ ಟೈಲರಮ್ಮ,
ಸಂಜೆ ಇಂಗ್ಲಿಷ್ ತರಗತಿ, ಮುಂದಿನ ಬೆಂಚು

ಗೆ:
ವ್ಯಾಕರಣದ ಮೇಷ್ಟ್ರು, ಸದರಿ ತರಗತಿ

ವಿಷಯ: ವ್ಯಾಕರಣದಿಂದ ಒಂದು ದಿನದ ರಜೆ ಕೋರಿ.

ಉಲ್ಲೇಖ: "ವ್ಯಾಕರಣ ಬರೋವರೆಗೂ ಬಾಯಿ ಬಿಡಬೇಡಿ" ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

೧. ಅರ್ಜಿದಾರಳ ಮಗ ಬೇರೆ ಭಾಷೆಯ ಹುಡುಗಿಯನ್ನು ಮದುವೆಯಾಗಿದ್ದು, ಅತ್ತೆ ಸೊಸೆ ಇಬ್ಬರಿಗೂ ಅಷ್ಟಿಷ್ಟು ತಿಳಿಯುವ ಭಾಷೆ ಇಂಗ್ಲಿಷ್ ಒಂದೇ. ಜಗಳಕ್ಕಾದರೂ ಒಂದು ಭಾಷೆ ಬೇಕಷ್ಟೆ. ಕಾರಣ ಅರ್ಜಿದಾರಳು ತಮ್ಮ ತರಗತಿಗೆ ಸೇರಿದಳು.

೨. ಅಳತೆ ನೋಡದೆ ಕತ್ತರಿ ಹಾಕಿದವಳಲ್ಲ ಆಕೆ. ಆದ್ದರಿಂದ ಪ್ರತಿ ವಾಕ್ಯವನ್ನೂ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ತಿದ್ದಿ, ಆಮೇಲೆ ಆಡುತ್ತಿದ್ದಳು. "ಊಟ ಆಯ್ತಾ" ಎಂಬುದು ಇಂಗ್ಲಿಷಿನಲ್ಲಿ ಸಿದ್ಧವಾಗುವ ಹೊತ್ತಿಗೆ ಸೊಸೆ ಉಂಡು ಮಲಗಿರುತ್ತಿದ್ದಳು. ಸೊಸೆಯೋ, ವ್ಯಾಕರಣದ ಹಂಗಿಲ್ಲದೆ ಪಟಪಟನೆ ಮಾತಾಡುವವಳು. ಅತ್ತೆಗೆ ಹೊಟ್ಟೆಕಿಚ್ಚು ಇದ್ದೇ ಇತ್ತು.

೩. ಹೀಗಿರಲು, ಕಳೆದ ಸೋಮವಾರ ಸೊಸೆ ಕಚೇರಿಯಿಂದ ಬೇಗ ಬಂದು ಬಾಗಿಲಲ್ಲೇ ನಿಂತು, "ಅಮ್ಮಾ, ಜಾಬ್ ಗೋ" ಎಂದಳು. ಅರ್ಜಿದಾರಳಿಗೆ ಹೊಳೆದದ್ದು ಕೆಲಸ ಹೋಯಿತೆಂದಲ್ಲ, ಭೂತಕಾಲ ಹೋಯಿತೆಂದು. ಸೀಮೆಸುಣ್ಣ ಎತ್ತಿ, ಸರಿಯಾದ ವಾಕ್ಯ ಬರೆದು, ಸೊಸೆಯ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದಳು. ಕಡೆಗೆ ಸೊಸೆ "ಮೈ ಜಾಬ್ ಈಸ್ ಗಾನ್" ಎಂದು ತಪ್ಪಿಲ್ಲದೆ ಒಪ್ಪಿಸಿ ಗೊಳೋ ಎಂದು ಅತ್ತಳು. ಅರ್ಜಿದಾರಳು "ಶಭಾಷ್" ಎಂದಳು.

೪. ಅಂದೇ ಸೊಸೆ ಬ್ಯಾಗು ಹಿಡಿದು ತನ್ನ ಅಕ್ಕನ ಮನೆಗೆ ಹೋದಳು. ಅತ್ತೆಯ ಫೋನ್ ಎತ್ತುತ್ತಿಲ್ಲ. ಮನೆ ಬಿಕೋ ಎನ್ನುತ್ತಿದೆ. ಅರ್ಜಿದಾರಳಿಗೆ ತನ್ನ ಮೇಲೇ ಹೇಸಿಗೆಯಾಗಿದೆ. "ನಿನ್ನ ಪರವಾಗಿ ನಾನೇ ಸಾರಿ ಕೇಳ್ತೀನಿ ಬಿಡಮ್ಮ" ಎಂದು ಮಗ ಮುಂದೆ ಬಂದ.

"ಕೆಡಿಸಿದೋಳು ನಾನು ಕಣೋ. ಬಿಚ್ಚಿ ಹೊಲಿಯೋಳೂ ನಾನೇ" ಎಂದು ಆಕೆ ಅದನ್ನು ತಿರಸ್ಕರಿಸಿದ್ದಾಳೆ.

೫. ವ್ಯಾಕರಣಬದ್ಧವಾಗಿ ಕ್ಷಮೆ ಕೇಳುವ ಪ್ರಯತ್ನವೂ ನಡೆದಿದೆ. ಬರೆದದ್ದನ್ನು ಓದಿದರೆ ಬ್ಯಾಂಕಿನಿಂದ ಬಂದ ನೋಟಿಸಿನಂತಿದೆ.

ಆದ್ದರಿಂದ, ನಾಳೆ ಬೆಳಿಗ್ಗೆ ಅಕ್ಕನ ಮನೆಯ ಬಾಗಿಲು ತಟ್ಟಿದ ಕ್ಷಣದಿಂದ ಸೊಸೆ ಬ್ಯಾಗು ಎತ್ತಿಕೊಳ್ಳುವವರೆಗೆ, ಕರ್ತೃ, ಕರ್ಮ, ಕ್ರಿಯಾಪದಗಳಿಂದ ಅರ್ಜಿದಾರಳಿಗೆ ರಜೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಮಂಜೂರಾಗದಿದ್ದರೂ ಆಕೆ ಹೋಗುವವಳೇ.

ತಮ್ಮ ವಿಶ್ವಾಸಿ
(ನಾಳೆಯೊಂದು ದಿನ ಹೊರತುಪಡಿಸಿ),
ಟೈಲರಮ್ಮ

ಲಗತ್ತು: ಸೊಸೆಗೆ ಹೇಳಲಿರುವ ಮಾತು.
"ಐ ಬ್ಯಾಡ್ ಅತ್ತೆ. ಯು ಕಮ್ ಹೋಮ್. ನೋ ಯು, ನೋ ಹೌಸ್."
ಕೆಂಪು ಪೆನ್ನು ಮುಟ್ಟಿಸದೆ ಹಿಂದಿರುಗಿಸಬೇಕಾಗಿ ಕೋರಿಕೆ.