ಮಾವನ ಯುದ್ಧದಲ್ಲಿ ಯಾರು ಮೊದಲು

ನಮ್ಮ ಸೋದರಮಾವನಷ್ಟು ನ್ಯಾಯವಾಗಿ ಯುದ್ಧ ಮಾಡಿದವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಅವರ ಯುದ್ಧದಲ್ಲಿ ಸತ್ತವರಿಗೂ ಗುಂಡು ಹಾರಿಸುವ ಹಕ್ಕಿತ್ತು. ನಂಬುವುದಿಲ್ಲವೇ? ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಆಗುವ ಅನಾಹುತ ಅದು. ಆದರೆ ಈ ಹಕ್ಕಿನ ವಿಷಯ ಮಾತ್ರ ನಿಜ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮಾವ ಥಾಣೆ ಪಕ್ಕದ ಕಳ್ವಾ ಎಂಬ ಊರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್, ಮನೆ ಡೊಂಬಿವಲಿಯಲ್ಲಿ. ಒಮ್ಮೆ ಫುಟ್‌ಪಾತಿನ ಹಳೆ ಪುಸ್ತಕಗಳ ರಾಶಿಯಲ್ಲಿ ಅವರಿಗೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಮೇಜಿನ ಮೇಲೆ ನಕ್ಷೆ ಹಾಸಿ, ಪುಟ್ಟ ಸೈನಿಕರನ್ನಿಟ್ಟು, ದಾಳ ಉರುಳಿಸಿ ಆಡುವ ಯುದ್ಧದಾಟದ ನಿಯಮಗಳು. ಯಾವುದರ ನಂತರ ಯಾವುದು ನಡೆಯಬೇಕು ಎಂದು ಹೇಳುವ ಹಾಳೆಗಳು ಮಾತ್ರ ಹರಿದುಹೋಗಿದ್ದವು. ಬೇರೆಯವರಾಗಿದ್ದರೆ ಪುಸ್ತಕವನ್ನು ರದ್ದಿಗೆ ಹಾಕುತ್ತಿದ್ದರು. ಮಾವ ಆ ಹಾಳೆಗಳನ್ನು ತಾವೇ ಬರೆಯಲು ಕೂತರು. ಹರಿದದ್ದು ನಾಲ್ಕು ಹಾಳೆ, ಬರೆದದ್ದು ಎರಡು ನೋಟ್‌ಬುಕ್.

ಮೇಜು ಇರಲಿಲ್ಲ, ನೆಲದ ಮೇಲೆಯೇ ರಣರಂಗ. ಸೈನಿಕರೂ ಇರಲಿಲ್ಲ, ಅತ್ತೆಯ ಹೊಲಿಗೆ ಡಬ್ಬಿಯ ಬಟನ್‌ಗಳಿದ್ದವು. ಬಿಳಿಯವು ಕಾಲಾಳು, ಕೋಟಿನ ದೊಡ್ಡವು ಫಿರಂಗಿ, ಹಿತ್ತಾಳೆಯವು ಕುದುರೆ. ದಾಳ ಒಂದೇ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಾವ, ಕೆಲಸ ಹುಡುಕುತ್ತ ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಿದ್ದ ನಾನು, ಅವರದೇ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸದಲ್ಲಿದ್ದ ವಿಜಾಪುರದ ಬಿರಾದಾರ, ಮೂವರೂ ಲೋಕ ಮರೆಯುತ್ತಿದ್ದೆವು.

ಮೊದಲ ಜಗಳ ಮೊದಲ ದಿನವೇ ಆಯಿತು. ಬಿರಾದಾರ ಹಾರಿಸಿದ ಗುಂಡಿಗೆ ಮಾವನ ಬಟನ್ ಒಂದು ಸತ್ತಿತು. ಮಾವ ಅದನ್ನು ಮಗುಚಿ ಹಾಕಿ, ಅದರ ಪರವಾಗಿ ದಾಳ ಎತ್ತಿಕೊಂಡರು.

"ಸಾಹೇಬ್ರ, ಸತ್ತಾಂವ ಹ್ಯಾಂಗ ಗುಂಡ ಹೊಡೀತಾನ್ರೀ?"

"ನಿಮ್ಮ ಗುಂಡು, ಅವನ ಗುಂಡು ಒಂದೇ ಹೊತ್ತಿಗೆ ಹೊರಟದ್ದು ಬಿರಾದಾರ್ರೇ. ನಾವು ಒಬ್ಬರ ನಂತರ ಒಬ್ಬರು ದಾಳ ಹಾಕುವುದು ನಮ್ಮಲ್ಲಿ ಒಂದೇ ದಾಳ ಇರುವುದರಿಂದ. ಮನೆಯಲ್ಲಿ ದಾಳ ಕಡಿಮೆ ಉಂಟು ಅಂತ ಆ ಪಾಪದವ ಯಾಕೆ ಮೊದಲು ಸಾಯಬೇಕು?"

ಅತ್ತೆ ಅಡುಗೆಮನೆಯಿಂದಲೇ ಹೇಳಿದರು: "ಹೊಡೆದಾದ ಮೇಲೆ ಅವನನ್ನು ಇತ್ತ ಕೊಡಿ. ನಿಮ್ಮ ಶರ್ಟಿಗೆ ಹಾಕಲಿಕ್ಕುಂಟು."

ಇನ್ನೊಂದು ಸಲ ಸೇತುವೆಯ ತಕರಾರು ಬಂತು. ಸೇತುವೆಯ ಮೇಲಿದ್ದ ನನ್ನ ಪಡೆ ಹಿಂದೆ ಸರಿಯಬೇಕು, ಬಿರಾದಾರರದು ನುಗ್ಗಬೇಕು, ಎರಡೂ ಒಂದೇ ಸರದಿಯಲ್ಲಿ. ಮಾವ ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟರು: "ರೈಲಿನಲ್ಲಿ ಹೇಗೆ? ಇಳಿಯುವವರು ಮೊದಲು, ಹತ್ತುವವರು ಆಮೇಲೆ."

ಬಿರಾದಾರ ನಕ್ಕುಬಿಟ್ಟರು. "ಯಾ ಊರಾಗ್ರೀ? ಡೊಂಬಿವಲಿಯಾಗ ಹಂಗ ನಿಂತ ನೋಡ್ರಿ, ಸಂಜಿತನಾ ಪ್ಲಾಟ್‌ಫಾರ್ಮಿನ್ಯಾಗೇ ಇರ್ತೀರಿ."

ಮಾವ ಮರುದಿನ ಬೆಳಿಗ್ಗೆ ನಿಜವಾಗಿಯೂ ನಿಂತು ನೋಡಿದರು. ಎಲ್ಲರೂ ಇಳಿಯಲಿ ಎಂದು ಕಾಯುತ್ತ ಮೂರು ಲೋಕಲ್ ಬಿಟ್ಟರು, ಕಾರ್ಖಾನೆಯಲ್ಲಿ ಲೇಟ್ ಮಾರ್ಕ್ ಹಾಕಿಸಿಕೊಂಡರು. ಮುಂದಿನ ಭಾನುವಾರ ನಮಗೆ ವರದಿ ಒಪ್ಪಿಸಿದರು: "ನಿಯಮ ಸರಿ ಉಂಟು. ಊರು ತಪ್ಪು."

ಅವರ ನೋಟ್‌ಬುಕ್ಕಿನ ಅತಿ ಮುಖ್ಯ ನಿಯಮ ಇದು: ದಾಳ ನೆಲ ಮುಟ್ಟುವ ಮೊದಲು ಬಾಯಿ ಬಿಟ್ಟು ಹೇಳಿದ ನಡೆ ಮಾತ್ರ ನಡೆ. ಮನಸ್ಸಿನಲ್ಲಿ ಅಂದುಕೊಂಡದ್ದು ಲೆಕ್ಕಕ್ಕಿಲ್ಲ.

ಇನ್ನು ಆ ಭಾನುವಾರದ ವಿಷಯ. ಇಲ್ಲಿಂದ ಮುಂದೆ ನಗಿಸುವುದು ನನಗೆ ಕಷ್ಟ.

ಏಳು ವಾರ ಎಳೆದ ಒಂದು ಯುದ್ಧದಲ್ಲಿ, ಜೀವನದಲ್ಲಿ ಮೊದಲ ಸಲ, ನಾನು ಗೆಲ್ಲುವುದರಲ್ಲಿದ್ದೆ. ನನ್ನ ಎರಡು ಹಿತ್ತಾಳೆ ಕುದುರೆಗಳು ಮಾವನ ಫಿರಂಗಿಯ ಎದುರಿಗಿದ್ದವು. ಅವನ್ನು ಹಿಂದಕ್ಕೆ ತೆಗೆಯಬೇಕು ಎಂದು ನಾನು ಯೋಚಿಸುತ್ತಿದ್ದಾಗಲೇ ಮಾವ "ಫಿರಂಗಿ" ಎಂದು ದಾಳ ಹಾಕಿದರು. ಆರು ಬಿತ್ತು.

"ನಾನು ಮೊದಲೇ ಹೇಳಿದ್ದೆ, ಕುದುರೆ ಹಿಂದೆ ಬಂತು ಅಂತ," ಎಂದೆ.

"ನನಗೆ ಕೇಳಲಿಲ್ಲವಲ್ಲ."

"ನಿಮಗೆ ಕೇಳಿಸಲಿಲ್ಲ ಎಂದರೆ ನಾನು ಹೇಳಲಿಲ್ಲ ಎಂದಾಗುತ್ತದೆಯೇ ಮಾವ?"

ಬಿರಾದಾರ ನೀರು ಕುಡಿಯಲು ಒಳಗೆ ಹೋಗಿದ್ದರು. ಸಾಕ್ಷಿ ಯಾರೂ ಇಲ್ಲ. ಮಾವ ನನ್ನ ಮುಖ ನೋಡಿದರು.

"ಹೇಳಿದ್ದಿಯಾ?"

"ಹೇಳಿದ್ದೆ."

ಅವರು ದಾಳವನ್ನು ಎತ್ತಿಕೊಂಡರು. ನನ್ನ ಕುದುರೆಗಳನ್ನು ತಮ್ಮ ಕೈಯಿಂದಲೇ ಎರಡು ಮನೆ ಹಿಂದಕ್ಕಿಟ್ಟರು. ಅರ್ಧ ಗಂಟೆಯಲ್ಲಿ ನಾನು ಗೆದ್ದೆ.

ಹೇಳಿದ್ದೆನೇ? ತುಟಿ ಅಲುಗಿದ ಹಾಗೆ ನೆನಪು. ಆದರೆ ಆ ನೆನಪು ಹುಟ್ಟಿದ್ದು ದಾಳ ಬೀಳುವ ಮೊದಲೋ, ಆರು ಕಂಡ ಮೇಲೋ? ಎಷ್ಟು ಸಲ ಕೇಳಿಕೊಂಡರೂ ಎರಡನೆಯದೇ ನಿಜವೆನ್ನಿಸುತ್ತದೆ.

ಮುಂದಿನ ಭಾನುವಾರ ನಕ್ಷೆ ಹಾಸಲಿಲ್ಲ. "ಸ್ವಲ್ಪ ಕೆಲಸ ಉಂಟು," ಎಂದರು ಮಾವ. ಅದರ ಮುಂದಿನ ವಾರವೂ ಕೆಲಸವಿತ್ತು. ಸೋತದ್ದಕ್ಕೆ ಮುನಿಸು ಎಂದುಕೊಂಡು ನಾನೂ ಬಿಗಿದುಕೊಂಡೆ. ಐರೋಲಿಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಕೋಣೆ ಹಿಡಿದೆ. ಎರಡು ವರ್ಷ ಡೊಂಬಿವಲಿಯಲ್ಲಿ ಇಳಿಯಲಿಲ್ಲ.

ಆಮೇಲೆ ಥಾಣೆಯಲ್ಲಿ ಒಂದು ಮದುವೆಯಲ್ಲಿ ಅತ್ತೆ ಸಿಕ್ಕಿದರು. ಆಟದ ವಿಷಯ ಕೇಳಿದೆ.

"ಅದನ್ನು ಅವತ್ತೇ ಕಟ್ಟಿಟ್ಟರಲ್ಲ ಮಾರಾಯ. ನೀನು ಹೇಳಿದ್ದು ತನಗೆ ಕೇಳಲಿಲ್ಲ, ಸರಿಯಾಗಿ ಕೇಳದವ ತೀರ್ಪು ಕೊಡಬಾರದು ಅಂತ. ಕಿವಿ ಡಾಕ್ಟರಲ್ಲಿಗೂ ಹೋದರು. ಕಿವಿಗೆ ಎಂತದೂ ಆಗಲಿಲ್ಲ ಅಂದರಂತೆ. ಇವರು ನಂಬಬೇಕಲ್ಲ? ಹುಡುಗ ಸುಳ್ಳು ಹೇಳುವವನಲ್ಲ, ಡಾಕ್ಟರ ಯಂತ್ರವೇ ಹಾಳು ಅಂದರು. ಕಲ್ಯಾಣ್ ಊರಿನವರೆಗೆ ಹೋಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದರು."

"ಅವರೇನಂದರು?"

"ಅವರದ್ದೂ ಯಂತ್ರ ಹಾಳಂತೆ."

ಅತ್ತೆ ನಕ್ಕರು. ನಾನೂ ನಗಬೇಕಿತ್ತು.

ಅದರ ಮುಂದಿನ ಭಾನುವಾರವೇ ಡೊಂಬಿವಲಿಗೆ ಹೋದೆ. ಮಾವ ಕಿಟಕಿಯ ಬಳಿ ಪೇಪರ್ ಓದುತ್ತಿದ್ದರು. "ಬಾ, ಕೂತುಕೋ, ಎಷ್ಟು ಸೊರಗಿದ್ದಿ," ಎಂದು ಪಕ್ಕದಲ್ಲಿ ಜಾಗ ಮಾಡಿದರು. ಅದೂ ಇದೂ ಮಾತಾಡಿದೆವು. ಅತ್ತೆ ಒಳಗೆ ಹೋದ ಮೇಲೆ, ನೆಲ ನೋಡುತ್ತ, ನಾನು ಹೇಳಿದೆ: "ಮಾವ, ಅವತ್ತು ನಾನು ಹೇಳಿರಲಿಲ್ಲ."

ಮಾವ ಪೇಪರಿನ ಪುಟ ತಿರುಗಿಸಿದರು. ಬಹಳ ಮೆತ್ತಗೆ, "ಎಂತ ಹೇಳಿದ್ದು? ನನಗೆ ಕಿವಿ ಸ್ವಲ್ಪ ಕಡಿಮೆ ನೋಡು," ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟರು.

ನಾನು ಇನ್ನೊಮ್ಮೆ ಹೇಳಲಿಲ್ಲ. ಅವರು ಬೇಕೆಂದೇ ಕೇಳಿಸಿಕೊಳ್ಳಲಿಲ್ಲವೋ, ಅಥವಾ ಆ ಸಲವೂ ನಾನು ಮನಸ್ಸಿನಲ್ಲಿ ಮಾತ್ರ ಹೇಳಿದೆನೋ, ಈಗ ಗೊತ್ತಾಗುವ ಹಾಗಿಲ್ಲ.