ಡಾಂಗ್ ಗುಡ್ಡಕ್ಕೆ ಸಾಂಬಾರು ಹತ್ತಿಸಿದ್ದು

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ದೋಸೆ ಕಾವಲಿಯ ಮುಂದೆ ನಿಂತವನು ನಾನು. ಆದರೂ ಗುಜರಾತಿನ ಡಾಂಗ್ ಕಾಡಿನ ನಕ್ಷೆಯಲ್ಲಿ ನನ್ನ ಹೆಸರಿದೆ. ನಿಮ್ಮದಿದೆಯೇ?

ಸೂರತ್ತಿನ ವರಾಛಾದಲ್ಲಿ ನಮ್ಮ ಹೋಟೆಲು. ಅಲ್ಲಿ ಊಟ ಮಾಡುವ ಕನ್ನಡದ ಹುಡುಗ ಹುಡುಗಿಯರು ರಜೆ ಸಿಕ್ಕಾಗಲೆಲ್ಲ ಡಾಂಗಿನ ಗುಡ್ಡ ಅಲೆದು ಕಾಲುದಾರಿಗಳ ನಕ್ಷೆ ಮಾಡುತ್ತಿದ್ದರು. ಗುಡ್ಡದ ಮೇಲೆ ಊಟಕ್ಕೇನು ಎಂದು ಕೇಳಿದೆ.

"ಬಿಸ್ಕೀಟ್ ರೀ, ವಾಸಣ್ಣ," ಎಂದಳು ತಂಡದ ಮುಂದಾಳು, ಧಾರವಾಡದ ದೀಪಾ.

ಬಿಸ್ಕೀಟ್! ನನ್ನ ಗಿರಾಕಿಗಳು! ನಾನು ಬದುಕಿರುವಾಗ!

"ಐತಾರ ಮಧ್ಯಾಹ್ನ ಗುಡ್ಡದ ತುದಿಯಲ್ಲೇ ಕೂತ್ಕಣಿ. ಬಿಸಿ ಇಡ್ಲಿ ಸಾಂಬಾರ್ ಅಲ್ಲಿಗೇ ಬತ್ತ್. ಬರ್ದಿದ್ರೆ ಈ ಹೋಟ್ಲಿನ ಬೋರ್ಡೇ ಇಳಿಸ್ತೆ!" ಎಂದು ಇಡೀ ಹೋಟೆಲು ಕೇಳುವಂತೆ ಘೋಷಿಸಿಬಿಟ್ಟೆ.

ದೀಪಾ ನಕ್ಷೆಯ ಪ್ರತಿ ಕೊಟ್ಟಳು. ಬರೀ ಸುತ್ತು ಸುತ್ತು ಗೆರೆಗಳು. ನೋಡಿದ ಕೂಡಲೇ ಅರ್ಥವಾಯಿತು. ದೋಸೆ! ಹಿಟ್ಟು ಹೊಯ್ದು ಸೌಟು ಆಡಿಸುವಾಗ ಸುತ್ತು ಒತ್ತೊತ್ತಾಗಿ ಬಿದ್ದಲ್ಲಿ ದೋಸೆ ತೆಳು, ಸಪಾಟು. ಅವರು ಗುರುತು ಹಾಕಿದ್ದ ದಾರಿ ಗುಡ್ಡವನ್ನೆಲ್ಲ ಬಳಸಿ ಹೋಗುತ್ತಿತ್ತು. ಗೆರೆ ಒತ್ತಾದ ಕಡೆ ನೇರ ನುಗ್ಗಿದರೆ ತುದಿ ಒಂದೇ ಬೆರಳಿನಷ್ಟು ದೂರ!

"ಹ್ವಾಯ್, ಅವರು ಹೇಳಿದ ದಾರಿಯಲ್ಲೇ ಹೋಯ್ನಿ ಮಾರಾಯ್ರೆ," ಎಂದಳು ಹೆಂಡತಿ ಗಿರಿಜಾ.

"ನಿಂಗೆಂತ ಗೊತ್ತಿತ್? ಈ ಕೈ ಎಷ್ಟ್ ದೋಸಿ ಹೊಯ್ದಿತ್!"

"ದೋಸಿ ಮೇಲ್ ನಡ್ಕಂಡ್ ಹೋದವ್ರನ್ನ ಮಾತ್ರ ನಾ ಕಂಡದ್ದಿಲ್ಲೆ!"

ಭಾನುವಾರ ವ್ಯಾನಿಳಿದು, ಬೆನ್ನಿಗೆ ಇಡ್ಲಿಯ ಬಿಸಿಡಬ್ಬ, ಹೆಗಲಿಗೆ ಸಾಂಬಾರಿನ ಕ್ಯಾನು ಏರಿಸಿ ಹೊರಟೆ. ನನ್ನ ಸಪಾಟು ದೋಸೆ ಎದುರಿಗೆ ಗೋಡೆಯಾಗಿ ನಿಂತಿತ್ತು!

ಹಿಂದಿರುಗೋಣವೆಂದರೆ ಬೋರ್ಡು ಕಣ್ಣಮುಂದೆ ಬಂತು. ಹತ್ತಿದೆ. ಒಂದು ಚಪ್ಪಲಿ ಕೆಳಗಿಳಿಯಿತು. ಸಂಗಾತಿಯನ್ನು ಅಗಲಲಾರದೆ ಇನ್ನೊಂದೂ ಇಳಿಯಿತು. ಅರ್ಧದಲ್ಲಿ ಒಂದು ಚಾಚುಗಲ್ಲಿನ ಮೇಲೆ ಹಲ್ಲಿಯಂತೆ ಅಂಟಿಕೊಂಡೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಆ ಕಷ್ಟದಲ್ಲಿ ಬಾಯಿಗೆ ಬಂದದ್ದು ದೇವರ ಹೆಸರಲ್ಲ.

"ಇಡ್ಲೀ... ಸಾಂಬಾರ್!"

ಮೇಲಿನ ಅಂಚಿನಲ್ಲಿ ದೀಪಾಳ ತಲೆ ಕಂಡಿತು. "ವಾಸಣ್ಣಾ! ಅಲ್ಲೇ ನಿಂದರ್ರಿ, ಅಳ್ಳಾಡಬ್ಯಾಡ್ರಿ! ಗೆರಿ ಒತ್ತಾದಷ್ಟೂ ಗುಡ್ಡ ಕಡಿದಾಗಿ ಇರ್ತದರೀ!"

ಹಗ್ಗ ಇಳಿಯಿತು. ಸೊಂಟಕ್ಕೆ ಬಿಗಿದುಕೊಳ್ಳಹೊರಟೆ.

"ಮೊದ್ಲ ಸಾಂಬಾರ್ ಕಳಸ್ರಿ!"

ಸಾಂಬಾರು ಹೋಯಿತು. ಇಡ್ಲಿ ಹೋಯಿತು. ಕೊನೆಗೆ, ಹಗ್ಗ ಖಾಲಿ ಇದ್ದುದರಿಂದ, ನಾನು.

ಮುಚ್ಚಳ ತೆಗೆದರೆ ಹಬೆ! ಚೆಲ್ಲಿದ್ದು ಒಂದು ಹನಿಯೂ ಇಲ್ಲ. ಆ ತುದಿಯಲ್ಲಿ ನನಗೆ ಬಿದ್ದ ಚಪ್ಪಾಳೆ ಯಾವ ಮಂತ್ರಿಗೂ ಬಿದ್ದಿರಲಾರದು. ಬೋರ್ಡು ಉಳಿಯಿತು!

ನಕ್ಷೆ ಅಚ್ಚಾಗಿ ಬಂತು. ನಾನು ಹತ್ತಿದ ಜಾಗದಲ್ಲಿ ಕೆಂಪು ಅಕ್ಷರ: "ವಾಸಣ್ಣನ ದಾರಿ". ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ್ದೇನೆ. ನನ್ನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ "ಯಾರೂ ಹೋಗಬಾರದು" ಎಂದೂ ಇದೆ.

ಸರಿಯಾಗಿ ಆ ಸಣ್ಣಕ್ಷರದ ಮೇಲೆ ಬರುವಂತೆ ದಿನಾ ಹೂವಿನ ಹಾರ ಹಾಕುತ್ತೇನೆ.